ಓದುಗರ ಪ್ರಶ್ನೆ, ನಮ್ಮ ಉತ್ತರ: ಆಫ್ರಿಕಾದ ಕಲೆ ಪೂಜೆಯಲ್ಲಿ, ಮನೆಯಲ್ಲಿ, ಹೊಲದಲ್ಲಿ

ಆಫ್ರಿಕಾದ ಸಾಂಪ್ರದಾಯಿಕ ಕಲೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ. ಎಲ್ಲ ಉತ್ತರಗಳಲ್ಲೂ ಯಾವ ಜನರ ಕಲೆ, ಯಾವ ನಾಡಿನದು ಎಂಬುದನ್ನು ಹೇಳಿದ್ದೇವೆ. ‘ಆಫ್ರಿಕಾದವರ ನಂಬಿಕೆ’ ಎಂದು ಇಡೀ ಖಂಡಕ್ಕೆ ಒಂದೇ ಮಾತು ಹೇಳಹೊರಟರೆ ಅದು ಹೆಚ್ಚಿನ ಪಾಲು ತಪ್ಪೇ ಆಗುತ್ತದೆ.

ಪ್ರ: ಮ್ಯೂಸಿಯಂ ಚಿತ್ರಗಳಲ್ಲಿ ಕಾಣುವ ಮುಖವಾಡಗಳನ್ನು ನಿಜಕ್ಕೂ ಮುಖಕ್ಕೆ ಕಟ್ಟಿಕೊಳ್ಳುತ್ತಿದ್ದರೆ? ಕೆಲವಕ್ಕೆ ಕಣ್ಣಿನ ತೂತೇ ಇಲ್ಲ.

ಉ: ಎಲ್ಲವೂ ಮುಖಕ್ಕೆ ಕಟ್ಟುವಂಥವಲ್ಲ. ಮಾಲಿ ದೇಶದ ಬಮನಾ ರೈತರ ಚಿವಾರ ನೆತ್ತಿಯ ಮೇಲೆ ನಿಲ್ಲುವ ಕೆತ್ತನೆ. ಉದ್ದ ಕೊಂಬಿನ ಹುಲ್ಲೆಯ ರೂಪವನ್ನು ಮರದಲ್ಲಿ ಕೆತ್ತಿ, ಬುಡದ ತೂತುಗಳಲ್ಲಿ ದಾರ ಪೋಣಿಸಿ ಹೆಣೆದ ಟೋಪಿಯೊಂದಕ್ಕೆ ಹೊಲಿಯುತ್ತಾರೆ. ಕುಣಿಯುವವನ ಮುಖ ಮತ್ತು ಮೈಯನ್ನು ಮುಚ್ಚುವುದು ಕಪ್ಪು ಬಣ್ಣದ ನಾರಿನ ಉಡುಪು. ಅವನು ಎರಡೂ ಕೈಯಲ್ಲಿ ಕೋಲು ಊರಿ ಬಾಗಿ ನಡೆಯುತ್ತಾನೆ. ಆಗ ತಲೆಯ ಮೇಲಿನ ಹುಲ್ಲೆ ನಾಲ್ಕು ಕಾಲಿನ ಪ್ರಾಣಿಯಾಗಿ ಕಾಣುತ್ತದೆ. ಮನುಷ್ಯರಿಗೆ ಬೇಸಾಯ ಕಲಿಸಿದ್ದು ಚಿವಾರ ಎಂಬುದು ಬಮನಾ ನಂಬಿಕೆ. ಹೊಲ ಅಗೆಯುವ ಯುವಕರ ಪೈಪೋಟಿಯ ಹೊತ್ತಿನಲ್ಲಿ ಗಂಡು ಮತ್ತು ಹೆಣ್ಣು ಹುಲ್ಲೆ ಜೋಡಿಯಾಗಿ ಕುಣಿಯುತ್ತವೆ. ಬೆನ್ನ ಮೇಲೆ ಮರಿ ಇರುವುದು ಹೆಣ್ಣು. ಮಾರುಕಟ್ಟೆಯಲ್ಲಿ ಒಂಟಿಯಾಗಿ ಸಿಗುವ ಚಿವಾರ ಬಹಳ ಸಲ ಜೋಡಿ ತಪ್ಪಿದ್ದು.

ಸಿಯೆರಾ ಲಿಯೋನ್‌ನ ಮೆಂಡೆ ಜನರ ಸೋವೈ ಇಡೀ ತಲೆಯನ್ನೇ ಒಳಗೆ ಮಾಡಿಕೊಳ್ಳುವ ಮುಖವಾಡ. ಆಫ್ರಿಕಾದ ಬಹುತೇಕ ಮುಖವಾಡಗಳನ್ನು ಗಂಡಸರು ಧರಿಸುತ್ತಾರೆ. ಸೋವೈ ಮಾತ್ರ ಹೆಂಗಸರದು. ಹುಡುಗಿಯರಿಗೆ ದೀಕ್ಷೆ ಕೊಡುವ ಸಾಂಡೆ ಎಂಬ ಸ್ತ್ರೀಯರ ಸಂಘದ ಹಿರಿಯಳು ಇದನ್ನು ಹೇಳಿ ಮಾಡಿಸುತ್ತಾಳೆ, ಕೆತ್ತುವವನು ಗಂಡಸು. ಎತ್ತರದ ಹಣೆ, ಪುಟ್ಟ ಮುಚ್ಚಿದ ಬಾಯಿ, ಕತ್ತಿನ ಸುತ್ತ ಉಂಗುರದಂಥ ಮಡಿಕೆಗಳು, ಹೊಳೆಯುವ ಕಪ್ಪು ಮೈ: ಒಳ್ಳೆಯ ಹೆಣ್ಣಿನ ಗುಣ ಮತ್ತು ಆರೋಗ್ಯದ ಲಕ್ಷಣಗಳೆಂದು ಅವರು ಎಣಿಸುವುದನ್ನೆಲ್ಲ ಇಲ್ಲಿ ಕೂಡಿಸಿರುತ್ತಾರೆ. ಕಣ್ಣಿನ ಸೀಳು ಅಷ್ಟು ಸಣ್ಣದಾದ್ದರಿಂದ ಚಿತ್ರದಲ್ಲಿ ಕಾಣದೆ ಹೋಗುತ್ತದೆ. ಕುಣಿಯುವವಳ ಮೈ ಎಲ್ಲೂ ಕಾಣದಂತೆ ಕೆಳಗೆ ಕಪ್ಪು ನಾರಿನ ದಟ್ಟ ಉಡುಪು ಇಳಿಬಿಟ್ಟಿರುತ್ತದೆ.

ಮುಖವಾಡದ ಅಂಚಿನಲ್ಲಿ ಸುತ್ತಲೂ ಸಣ್ಣ ತೂತುಗಳಿವೆಯೇ ನೋಡಿ. ಅವು ಉಡುಪನ್ನು ಕಟ್ಟುವ ತೂತುಗಳು. ಮ್ಯೂಸಿಯಂಗೆ ಬರುವ ಹೊತ್ತಿಗೆ ನಾರು, ಬಟ್ಟೆ, ತಾಳ, ಹಾಡು ಎಲ್ಲ ಕಳಚಿಹೋಗಿ ಮರವಷ್ಟೇ ಉಳಿದಿರುತ್ತದೆ. ಅದನ್ನು ನೋಡಿಯೇ ಇಡೀ ಕಲೆಯನ್ನು ಅಳೆಯುವುದು ಅನ್ಯಾಯ.

ಪ್ರ: ಮೈತುಂಬ ಮೊಳೆ ಹೊಡೆದ ಕಾಂಗೋ ಪ್ರತಿಮೆಯ ಚಿತ್ರ ನೋಡಿದೆ. ಇದು ಶತ್ರುವಿಗೆ ನೋವಾಗಲಿ ಎಂದು ಮಾಡುವ ಮಾಟವೆ?

ಉ: ಅಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಹಬ್ಬಿದೆಯೆಂದರೆ, ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಕಾಂಗೋ ನದಿಯ ಕೆಳಭಾಗದಲ್ಲಿ, ಈಗಿನ ಎರಡು ಕಾಂಗೋ ದೇಶಗಳು ಮತ್ತು ಅಂಗೋಲಾದಲ್ಲಿ ಹರಡಿರುವ ಕೋಂಗೊ ಜನರ ಎನ್‌ಕಿಸಿ ಎನ್‌ಕೊಂಡಿ ಇದು. ಮಾಡುವವರು ಇಬ್ಬರು. ಬಡಗಿ ಮರದಲ್ಲಿ ಆಕೃತಿಯನ್ನು ಕೆತ್ತುತ್ತಾನೆ. ಆಗ ಅದು ಬರೀ ಮರ. ಆಮೇಲೆ ಎನ್‌ಗಂಗಾ ಎಂಬ ವೈದ್ಯ-ಪೂಜಾರಿ ಹೊಟ್ಟೆಯಲ್ಲೋ ತಲೆಯಲ್ಲೋ ಬಿಟ್ಟ ಗೂಡಿಗೆ ‘ಬಿಲೊಂಗೊ’ ತುಂಬುತ್ತಾನೆ: ಬಿಳಿ ಜೇಡಿ, ಸಮಾಧಿಯ ಮಣ್ಣು, ಬೀಜ, ಬೇರು, ಪ್ರಾಣಿಗಳ ಭಾಗ. ಅಂಟಿನಿಂದ ಮುಚ್ಚಿ ಮೇಲೆ ಕನ್ನಡಿ ಕೂರಿಸುತ್ತಾನೆ. ಸತ್ತವರ ಲೋಕದತ್ತ ನೋಡಲು ಆ ಕನ್ನಡಿ ದಾರಿ. ಬಿಲೊಂಗೊ ಒಳಗೆ ಸೇರಿದ ಮೇಲಷ್ಟೇ ಪ್ರತಿಮೆಗೆ ಶಕ್ತಿ.

ಮೊಳೆಗಳು ಬರುವುದು ಆಮೇಲೆ, ಒಂದೊಂದಾಗಿ. ಇಬ್ಬರ ನಡುವೆ ಜಗಳ ತೀರಿ ಒಪ್ಪಂದವಾಯಿತು, ಎರಡು ಹಳ್ಳಿಗಳು ಆಣೆ ಇಟ್ಟುಕೊಂಡವು, ಕಳ್ಳ ಯಾರೆಂದು ತಿಳಿಯಬೇಕು, ರೋಗ ವಾಸಿಯಾಗಬೇಕು ಎಂದಾಗ ಜನ ಪ್ರತಿಮೆಯ ಮುಂದೆ ಸೇರುತ್ತಾರೆ. ಆಣೆ ಇಡುವವನು ಮೊಳೆಯನ್ನೋ ಅಲಗನ್ನೋ ನಾಲಿಗೆಗೆ ತಾಗಿಸಿ ತನ್ನ ಗುರುತು ಸೇರಿಸಬಹುದು, ಇಲ್ಲವೇ ಬಟ್ಟೆಯ ಚೂರು ಕಟ್ಟಬಹುದು. ಆಮೇಲೆ ಅದನ್ನು ಮರಕ್ಕೆ ಹೊಡೆಯಲಾಗುತ್ತದೆ. ಮಾತು ಮುರಿದವನನ್ನು ಎನ್‌ಕೊಂಡಿ ಬೇಟೆಯಾಡಿ ಹಿಡಿಯುತ್ತದೆ ಎಂಬ ಭಯವೇ ಒಪ್ಪಂದದ ಕಾವಲು. ಅಂದರೆ ನೂರಾರು ಮೊಳೆ ಇರುವ ಪ್ರತಿಮೆ ಒಂದು ಊರಿನ ಒಪ್ಪಂದಗಳ ಕಡತ. ಅಷ್ಟು ದಟ್ಟವಾಗಿ ಮೊಳೆ ಇದ್ದರೆ ಅದನ್ನು ನಂಬಿ ಬಂದವರು ಬಹಳ ಜನ ಎಂದರ್ಥ.

ಹೊಟ್ಟೆಯ ಗೂಡು ಬರಿದಾಗಿರುವ ಪ್ರತಿಮೆಗಳೂ ಮ್ಯೂಸಿಯಂಗಳಲ್ಲಿವೆ. ವಸಾಹತು ಅಧಿಕಾರಿಗಳು ಮತ್ತು ಪಾದ್ರಿಗಳು ಇವನ್ನು ಕಿತ್ತುಕೊಂಡ ಕಾಲದಲ್ಲಿ ಕೆಲವು ಪ್ರತಿಮೆಗಳ ಬಿಲೊಂಗೊವನ್ನು ಮೊದಲೇ ತೆಗೆದುಬಿಡಲಾಗಿತ್ತು. ಕೋಂಗೊ ಜನರ ಲೆಕ್ಕದಲ್ಲಿ ಕೈಬಿಟ್ಟುಹೋದದ್ದು ಖಾಲಿ ಮರ.

ಪ್ರ: ಯೊರುಬಾ ಜನರ ಅವಳಿ ಗೊಂಬೆಗಳ ಮುಖ ಸವೆದು ನುಣ್ಣಗಾಗಿರುತ್ತದೆ. ಬಳಕೆಯಿಂದ ಸವೆದದ್ದೋ, ಹಳೆಯದೆಂದು ತೋರಿಸಲು ಮಾರುವವರು ಉಜ್ಜಿದ್ದೋ ಹೇಗೆ ತಿಳಿಯುವುದು?

ಉ: ಮೊದಲು ಬಳಕೆ ಹೇಗೆಂದು ತಿಳಿದರೆ ಗುರುತು ಹಿಡಿಯುವುದು ಸುಲಭ. ನೈಜೀರಿಯಾದ ನೈಋತ್ಯ ಭಾಗದ ಯೊರುಬಾ ಜನರಲ್ಲಿ ಅವಳಿ ಮಕ್ಕಳ ಜನನ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಅವಳಿಯಲ್ಲಿ ಒಂದು ಮಗು ತೀರಿಕೊಂಡರೆ ಬಬಲಾವೊ ಎಂಬ ಶಕುನಜ್ಞನನ್ನು ಕೇಳಿ, ಅವನ ಮಾತಿನಂತೆ ಸುಮಾರು 25 ಸೆಂಟಿಮೀಟರ್ ಎತ್ತರದ ‘ಎರೆ ಇಬೆಜಿ’ ಕೆತ್ತಿಸುತ್ತಾರೆ. ಎರಡೂ ಹೋದರೆ ಎರಡು ಗೊಂಬೆ. ಸತ್ತದ್ದು ಶಿಶುವಾದರೂ ಗೊಂಬೆಗೆ ಬೆಳೆದವರ ಮೈಕಟ್ಟು ಇರುತ್ತದೆ. ತಲೆ ಮಾತ್ರ ಮೈಯ ಮೂರನೇ ಒಂದರಷ್ಟು ದೊಡ್ಡದು, ಏಕೆಂದರೆ ಮನುಷ್ಯನ ಹಣೆಬರಹ ನೆಲೆಸಿರುವುದು ತಲೆಯಲ್ಲಿ ಎಂಬುದು ಯೊರುಬಾ ನಂಬಿಕೆ.

ತಾಯಿ ಬದುಕಿರುವ ಮಗುವಿನ ಜೊತೆಗೇ ಈ ಗೊಂಬೆಯನ್ನೂ ಸಾಕುತ್ತಾಳೆ. ತೊಳೆಯುತ್ತಾಳೆ, ಬಾಯಿಗೆ ಊಟ ಮುಟ್ಟಿಸುತ್ತಾಳೆ, ಕೆಂಪು ಮರದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮೈಗೆ ಹಚ್ಚುತ್ತಾಳೆ, ಕೂದಲಿನ ಭಾಗಕ್ಕೆ ನೀಲಿ ತುಂಬುತ್ತಾಳೆ, ಮಣಿಸರ, ಕವಡೆ ತೊಡಿಸುತ್ತಾಳೆ. ತಾಯಿಯ ನಂತರವೂ ಮನೆಯವರು ಇದನ್ನು ಮುಂದುವರಿಸುವುದುಂಟು.

ಈಗ ಗುರುತು. ಕೈಯಿಂದ ತೊಳೆದ ಸವೆತ ಉಬ್ಬಿದ ಕಡೆ ಮೊದಲು ಬೀಳುತ್ತದೆ: ಮೂಗಿನ ತುದಿ, ತುಟಿ, ಕೆನ್ನೆ. ಕಿವಿಯ ಹಿಂದೆ, ಕಾಲುಗಳ ನಡುವೆ, ತೋಳಿನ ಒಳಗೆ ಕೆತ್ತನೆಯ ಗೆರೆ ಚೂಪಾಗಿಯೇ ಉಳಿದು ಅಲ್ಲಿ ಕೆಂಪು ಪುಡಿ ಗಟ್ಟಿಕಟ್ಟಿರುತ್ತದೆ. ಕೂದಲ ಗೆರೆಗಳಲ್ಲಿ ನೀಲಿಯ ಶೇಷ ಸಿಗುತ್ತದೆ. ಮಣಿಸರ ಕಟ್ಟಿದ ಜಾಗದಲ್ಲಿ ಮರ ತೆಳುವಾಗಿ ಸವೆದಿರುತ್ತದೆ. ಮರಳುಕಾಗದದಿಂದ ಉಜ್ಜಿದ್ದಾದರೆ ಸವೆತ ಎಲ್ಲ ಕಡೆ ಒಂದೇ ಸಮ, ಮಸೂರದಲ್ಲಿ ನೋಡಿದರೆ ಒಂದೇ ದಿಕ್ಕಿನ ಸಣ್ಣ ಗೀರುಗಳು, ಕೆಂಪು ಬಣ್ಣ ಹಳ್ಳಕ್ಕಿಂತ ದಿಣ್ಣೆಯ ಮೇಲೇ ಹೆಚ್ಚು. ಈಚಿನ ಕಾಲದಲ್ಲಿ ಮರದ ಗೊಂಬೆಯ ಬದಲು ಪ್ಲಾಸ್ಟಿಕ್ ಗೊಂಬೆ ಅಥವಾ ಫೋಟೊ ಇಟ್ಟುಕೊಳ್ಳುವ ಮನೆಗಳೂ ಇವೆ. ಅದನ್ನು ಕಲೆಯ ಅವನತಿ ಎನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ. ತಾಯಿಯ ಆರೈಕೆ ಅದೇ ಇದೆ.

ಪ್ರ: ಆ ಬಬಲಾವೊ ಶಕುನ ನೋಡುವುದು ಹೇಗೆ? ಕೆತ್ತಿದ ತಟ್ಟೆ ಯಾಕೆ ಬೇಕು?

ಉ: ತಟ್ಟೆಯ ಹೆಸರು ‘ಒಪೊನ್ ಇಫಾ’. ಸಾಮಾನ್ಯವಾಗಿ ದುಂಡಗೆ ಅಥವಾ ಚೌಕ. ಅಂಚಿನಲ್ಲಿ ಕೆತ್ತನೆ, ಅದರಲ್ಲಿ ಒಂದಾದರೂ ಮುಖ ಎಶು ದೇವತೆಯದು. ಬಬಲಾವೊ ಆ ಮುಖ ತನ್ನ ಎದುರಿಗೆ ಬರುವಂತೆ ಕೂರುತ್ತಾನೆ. ನಡುವಿನ ನುಣುಪು ಜಾಗದಲ್ಲಿ ಮರದ ನಯವಾದ ಪುಡಿ ಹರಡುತ್ತಾನೆ. ಕೆತ್ತಿದ ಕೋಲಿನಿಂದ ತಟ್ಟೆಯನ್ನು ತಟ್ಟಿ ದೇವತೆಯನ್ನು ಕರೆಯುತ್ತಾನೆ.

16 ತಾಳೆಬೀಜಗಳನ್ನು ಎಡಗೈಯಲ್ಲಿಟ್ಟುಕೊಂಡು ಬಲಗೈಯಿಂದ ಒಂದೇ ಹಿಡಿತಕ್ಕೆ ಎಲ್ಲವನ್ನೂ ಬಾಚಿಕೊಳ್ಳಲು ನೋಡುತ್ತಾನೆ. ಎಡಗೈಯಲ್ಲಿ ಒಂದು ಬೀಜ ಉಳಿದರೆ ಪುಡಿಯಲ್ಲಿ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಏನೂ ಉಳಿಯದಿದ್ದರೆ ಅಥವಾ ಎರಡಕ್ಕಿಂತ ಹೆಚ್ಚು ಉಳಿದರೆ ಲೆಕ್ಕಕ್ಕಿಲ್ಲ, ಮತ್ತೆ ಬಾಚಬೇಕು. ಹೀಗೆ ಎಂಟು ಗುರುತು ಆಗುವವರೆಗೆ ನಡೆಯುತ್ತದೆ. ನಾಲ್ಕು ನಾಲ್ಕರಂತೆ ಎರಡು ಸಾಲು, ಬಲದ ಸಾಲು ಮೊದಲು. ಪ್ರತಿ ಜಾಗದಲ್ಲಿ ಎರಡೇ ಸಾಧ್ಯತೆ, ಎಂಟು ಜಾಗ, ಒಟ್ಟು 256 ಆಕೃತಿ. ಒಂದೊಂದಕ್ಕೂ ಬಾಯಿಪಾಠದ ಹಲವು ಪದ್ಯಗಳಿವೆ. ಬಬಲಾವೊ ಹೇಳುತ್ತ ಹೋಗುತ್ತಾನೆ, ತನ್ನ ಕಷ್ಟಕ್ಕೆ ಹೊಂದುವ ಪದ್ಯ ಯಾವುದೆಂದು ಬಂದವನೇ ಗುರುತಿಸುತ್ತಾನೆ. ಈ ಪದ್ಯಗಳನ್ನು ಕಲಿಯಲು ವರ್ಷಾನುಗಟ್ಟಲೆ ಬೇಕು, ತಟ್ಟೆ ಕೊಂಡವನೆಲ್ಲ ಬಬಲಾವೊ ಆಗುವುದಿಲ್ಲ.

ಪ್ರ: ಜವಳಿ ವಿನ್ಯಾಸದ ತರಗತಿಯಲ್ಲಿ ಮಾಲಿಯ ಬೊಗೊಲಾನ್ ಮಣ್ಣಿನ ಬಟ್ಟೆ ಮಾಡಲು ನೋಡಿದೆವು. ಒಣಗಿದಾಗ ಕಪ್ಪಗಿದ್ದ ಚಿತ್ರ ತೊಳೆದ ಕೂಡಲೇ ಹೊರಟುಹೋಯಿತು. ಎಲ್ಲಿ ತಪ್ಪಿದೆವು?

ಉ: ಎಲೆಯ ಕಷಾಯವನ್ನು ಬಿಟ್ಟಿರಬೇಕು, ಇಲ್ಲವೇ ತೆಳುವಾಗಿ ಮಾಡಿರಬೇಕು. ಇಲ್ಲಿ ಮಣ್ಣು ಬಣ್ಣವಲ್ಲ. ಎಲೆಯ ಚೊಗರು ಮತ್ತು ಮಣ್ಣಿನ ಕಬ್ಬಿಣ ನೂಲಿನೊಳಗೆ ಕೂಡಿಕೊಂಡಾಗ ಕಪ್ಪು ಹುಟ್ಟುತ್ತದೆ. ಚೊಗರಿಲ್ಲದ ಬಟ್ಟೆಯ ಮೇಲೆ ಮಣ್ಣು ಬರೀ ಕೆಸರು.

ಬಮನಾ ಹೆಂಗಸರು ಮಾಡುವ ಕ್ರಮ ಹೀಗೆ. ಗಂಡಸರು ನೇಯ್ದ ಕಿರಿದಾದ ಹತ್ತಿ ಪಟ್ಟಿಗಳನ್ನು ಅಂಚಿಗೆ ಅಂಚು ಹೊಲಿದು ಬಟ್ಟೆ ಮಾಡಿ, ತೊಳೆದು ಒಣಗಿಸುತ್ತಾರೆ. ಎನ್‌ಗಲಾಮಾ ಮರದ ಎಲೆ ಕುಟ್ಟಿ, ಕುದಿಸಿ ಅಥವಾ ನೆನೆಹಾಕಿ, ಆ ಕಷಾಯದಲ್ಲಿ ಬಟ್ಟೆ ಅದ್ದಿ ಬಿಸಿಲಿಗೆ ಹರಡುತ್ತಾರೆ. ಹಳದಿ ಗಾಢವಾಗುವವರೆಗೆ ಮತ್ತೆ ಮತ್ತೆ ಅದ್ದಬೇಕು. ಕೆರೆಯ ತಳದ ಮಣ್ಣನ್ನು ಮಡಕೆಯಲ್ಲಿ ನೀರು ಹಾಕಿ ಮುಚ್ಚಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಕೊಳೆಯಲು ಬಿಟ್ಟಿರುತ್ತಾರೆ. ಗಾಳಿಯಿಲ್ಲದೆ ಕೊಳೆತಾಗ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ. ನೀವು ಒಣಗಿದ ಕೆಂಪು ಮಣ್ಣು ಕಲಸಿದ್ದರೆ ಅದೇ ಎರಡನೆಯ ತಪ್ಪು: ಅದರಲ್ಲಿ ಕಬ್ಬಿಣ ಇದ್ದರೂ ಕರಗುವುದಿಲ್ಲ.

ಬಿದಿರು ಅಥವಾ ಲೋಹದ ಕಡ್ಡಿಯಿಂದ ಮಣ್ಣು ಬಳಿಯುವಾಗ ಚಿತ್ರದ ಗೆರೆಯನ್ನು ಬಿಟ್ಟು ಸುತ್ತಲಿನ ಜಾಗವನ್ನು ತುಂಬಬೇಕು. ಬಿಸಿಲಲ್ಲಿ ಪೂರ್ತಿ ಒಣಗಿಸಿ ತೊಳೆದು, ಮತ್ತೆ ಕಷಾಯ, ಮತ್ತೆ ಮಣ್ಣು. ಒಂದೇ ಸುತ್ತಿಗೆ ಬೂದುಬಣ್ಣವಷ್ಟೇ ಬರುತ್ತದೆ. ಕಪ್ಪು ಬೇಕಾದರೆ ಎರಡು ಮೂರು ಸುತ್ತು ಬೇಕು. ಕೊನೆಗೆ ಹಳದಿ ಉಳಿದ ಗೆರೆಗಳ ಮೇಲೆ ಕ್ಷಾರದ ಸಾಬೂನು ಬಳಿದು, ಒಣಗಿಸಿ ತೊಳೆದರೆ ಗೆರೆ ಬಿಳಿಯಾಗುತ್ತದೆ. ಕಾಸ್ಟಿಕ್ ಸೋಡಾ ಬಳಸುವುದಾದರೆ ಕೈಗವಸು ಮತ್ತು ಕನ್ನಡಕ ಇಲ್ಲದೆ ಮುಟ್ಟಬೇಡಿ.

ಇನ್ನು ಎರಡು ಮಾತು. ಪಾಲಿಯೆಸ್ಟರ್ ಬೆರೆತ ಬಟ್ಟೆ, ಗಂಜಿ ಹಾಕಿದ ಹೊಸ ಬಟ್ಟೆ ಎರಡೂ ಚೊಗರು ಹೀರುವುದಿಲ್ಲ. ಕಪ್ಪು ಹೆಚ್ಚಲಿ ಎಂದು ಕಬ್ಬಿಣದ ಉಪ್ಪು ಸುರಿದರೆ ಕೆಲವೇ ವರ್ಷಗಳಲ್ಲಿ ನೂಲು ಪುಡಿಯಾಗುತ್ತದೆ. ಬಮನಾ ಜನರಲ್ಲಿ ಈ ಬಟ್ಟೆ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಬೇಟೆಗಾರನ ಅಂಗಿ ಇದರದು. ಹುಡುಗಿ ದೀಕ್ಷೆ ಪಡೆದಾಗ, ಮದುವೆಯಾದಾಗ, ಹೆತ್ತಾಗ, ಅಂದರೆ ರಕ್ತ ಮತ್ತು ಅಪಾಯ ಹತ್ತಿರವಿರುವ ಹೊತ್ತಿನಲ್ಲೆಲ್ಲ ಮೈ ಕಾಯುವ ಹೊದಿಕೆ ಇದು.

ಪ್ರ: ಬೆನಿನ್ ಕಂಚುಗಳು ನಿಜಕ್ಕೂ ಕಂಚಿನವೆ? ಬೆನಿನ್ ದೇಶಕ್ಕೆ ವಾಪಸು ಕೊಡುತ್ತಿದ್ದಾರಂತಲ್ಲ?

ಉ: ಎರಡು ತಿದ್ದುಪಡಿ. ಅವು ಹೆಚ್ಚಿನವು ಹಿತ್ತಾಳೆ. ಮತ್ತು ಅವು ಬೆನಿನ್ ದೇಶದವಲ್ಲ. ನೈಜೀರಿಯಾದ ಎಡೊ ರಾಜ್ಯದ ಬೆನಿನ್ ನಗರದವು.

ಎರಕದ ಕೆಲಸ ಮೊದಲಿನಿಂದಲೂ ಇಗುನ್ ಬೀದಿಯ ಎರಕದವರ ಕುಲದ್ದು. ಮಣ್ಣಿನ ಗರ್ಭ ಮಾಡಿ, ಮೇಲೆ ಮೇಣದ ಪದರ ಹಾಕಿ, ಮೇಣದಲ್ಲೇ ಎಲ್ಲ ವಿವರ ಕೆತ್ತುತ್ತಾರೆ. ಮೇಣ ಎಷ್ಟು ದಪ್ಪವೋ ಲೋಹವೂ ಅಷ್ಟೇ ದಪ್ಪ. ಮೊದಲು ನಯವಾದ ಮಣ್ಣು, ಆಮೇಲೆ ಒರಟು ಮಣ್ಣು ಬಳಿದು, ಒಣಗಿಸಿ, ಕಾಯಿಸಿ ಮೇಣ ಹರಿಸಿ, ಕರಗಿದ ಹಿತ್ತಾಳೆ ಹೊಯ್ಯುತ್ತಾರೆ. ಅಚ್ಚಿನಲ್ಲಿ ತೇವ ಉಳಿದಿದ್ದರೆ ಆವಿಯಾಗಿ ಸಿಡಿಯುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ತುದಿ ಮುಟ್ಟುವ ಮುನ್ನವೇ ಗಟ್ಟಿಯಾಗಿ ತೂತು ಬೀಳುತ್ತದೆ. ಮೇಣ ಹೋದ ಮೇಲೆ ಗರ್ಭ ಜಾರದಂತೆ ಹಿಡಿಯಲು ಮೊದಲೇ ಕಬ್ಬಿಣದ ಕಡ್ಡಿ ಚುಚ್ಚಿರಬೇಕು. ಮರೆತರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬಯಲು. ಅಚ್ಚು ಒಡೆದೇ ತೆಗೆಯುವುದರಿಂದ ಕೆಟ್ಟರೆ ಎಲ್ಲವೂ ಮೊದಲಿನಿಂದ.

ಲೋಹದ ದೊಡ್ಡ ಪಾಲು ಪೋರ್ಚುಗೀಸರು ವ್ಯಾಪಾರಕ್ಕೆ ತಂದ ಮನಿಲ್ಲಾ ಎಂಬ ಬಳೆಗಳಿಂದ ಬಂದದ್ದು. ಆ ಬಳೆಗಳ ಹಿತ್ತಾಳೆ ಜರ್ಮನಿಯ ರೈನ್‌ಲ್ಯಾಂಡ್‌ ಕಡೆಯದೆಂದು 2023ರಲ್ಲಿ ಪ್ರಕಟವಾದ ರಾಸಾಯನಿಕ ವಿಶ್ಲೇಷಣೆ ತೋರಿಸಿದೆ. ಅದೇ ಬಳೆಗಳಿಂದ ಗುಲಾಮರನ್ನೂ ಕೊಂಡಿದ್ದರು ಎಂಬುದನ್ನು ಮರೆಯಬಾರದು.

ರಾಜರ ತಲೆಯ ಪ್ರತಿಮೆಗಳು ನಿಲ್ಲುತ್ತಿದ್ದುದು ಅರಮನೆಯ ಪಿತೃಗಳ ವೇದಿಕೆಯ ಮೇಲೆ. ಪಟ್ಟಕ್ಕೆ ಬಂದ ಓಬ ಅಂದರೆ ದೊರೆ ತನ್ನ ತಂದೆಗಾಗಿ ವೇದಿಕೆ ಕಟ್ಟಿಸಬೇಕು. ತಲೆಯ ನೆತ್ತಿಯಲ್ಲಿರುವ ತೂತಿನಲ್ಲಿ ಕೆತ್ತಿದ ಆನೆದಂತ ನಿಲ್ಲುತ್ತದೆ. 1897ರಲ್ಲಿ ಬ್ರಿಟಿಷ್ ಸೇನೆ ನಗರವನ್ನು ಹಿಡಿದು ಸಾವಿರಾರು ವಸ್ತುಗಳನ್ನು ಹೊತ್ತೊಯ್ದಿತು. ಜರ್ಮನಿ 2022ರಲ್ಲಿ ಒಪ್ಪಂದ ಮಾಡಿಕೊಂಡು ಡಿಸೆಂಬರ್‌ನಲ್ಲಿ 20 ವಸ್ತುಗಳನ್ನು ನೈಜೀರಿಯಾಕ್ಕೆ ಒಪ್ಪಿಸಿತು. ಹಿಂದಿರುಗುವ ವಸ್ತುಗಳು ಓಬನಿಗೆ ಸೇರತಕ್ಕವೆಂದು 2023ರಲ್ಲಿ ನೈಜೀರಿಯಾ ಸರ್ಕಾರ ಘೋಷಿಸಿತು. ಕದ್ದದ್ದು ಹಿಂದಿರುಗಬೇಕು, ಇದರಲ್ಲಿ ನಮಗೆ ಎರಡು ಮನಸ್ಸಿಲ್ಲ.

ಪ್ರ: ಘಾನಾದ ಮನೆಗಳಲ್ಲಿ ಕೆತ್ತಿದ ಪೀಠವನ್ನು ಮಗ್ಗುಲಾಗಿ ಮಲಗಿಸಿಡುತ್ತಾರೆ ಎಂದು ಕೇಳಿದೆ. ಯಾಕೆ?

ಉ: ಅಸಾಂಟೆ ಜನರ ನಂಬಿಕೆಯಲ್ಲಿ ಪೀಠ ಅದರ ಒಡೆಯನ ಆತ್ಮಕ್ಕೆ ಅಂಟಿಕೊಂಡಿರುತ್ತದೆ. ಬರಿದಾಗಿ ಬಿಟ್ಟರೆ ಅಲೆಯುವ ಬೇರೆ ಆತ್ಮ ಬಂದು ಕೂತೀತು. ಒಳ್ಳೆಯ ಮುಖ್ಯಸ್ಥ ತೀರಿಕೊಂಡರೆ ಅವನ ಪೀಠವನ್ನು ಕಪ್ಪು ಮಾಡಿ ಪೀಠಗಳ ಕೋಣೆಯಲ್ಲಿ ಇಟ್ಟು ನೈವೇದ್ಯ ಸಲ್ಲಿಸುತ್ತಾರೆ. ಇಡೀ ಅಸಾಂಟೆ ಜನರ ಆತ್ಮ ಇರುವುದು ಚಿನ್ನದ ಪೀಠದಲ್ಲಿ. ಅದರ ಮೇಲೆ ದೊರೆಯೂ ಕೂರುವಂತಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಅದನ್ನು ತನಗೆ ಕೂರಲು ತಂದುಕೊಡಿ ಎಂದದ್ದೇ ರಾಜಮಾತೆ ಯಾ ಅಸಾಂಟೆವಾ ಮುಂದಾಳಾಗಿ ನಡೆಸಿದ ಯುದ್ಧಕ್ಕೆ ಕಾರಣವಾಯಿತು. ಪೀಠ ಬ್ರಿಟಿಷರ ಕೈಗೆ ಸಿಗಲಿಲ್ಲ.

ಪ್ರ: ಜುಲು ಮಡಕೆಗಳು ಯಾಕೆ ಕಪ್ಪು?

ಉ: ದಕ್ಷಿಣ ಆಫ್ರಿಕಾದ ಜುಲು ಹೆಂಗಸರು ಉಖಾಂಬಾ ಎಂಬ ಬಿಯರ್ ಮಡಕೆಯನ್ನು ಮಣ್ಣಿನ ಹುರಿಗಳನ್ನು ಸುತ್ತಿ ಕಟ್ಟುತ್ತಾರೆ, ಚಕ್ರವಿಲ್ಲ. ಒಮ್ಮೆ ಸುಟ್ಟ ಮೇಲೆ ಹೊಗೆ ಹೆಚ್ಚಿರುವ ಬೆಂಕಿಯಲ್ಲಿ ಎರಡನೆಯ ಸಲ ಕಪ್ಪಾಗಿಸಿ, ಕೊಬ್ಬು ಹಚ್ಚಿ ಕಲ್ಲಿನಿಂದ ತಿಕ್ಕುತ್ತಾರೆ. ಪೂರ್ವಜರಿಗೆ ಮಬ್ಬು ಕತ್ತಲು, ತಂಪು ಇಷ್ಟ. ಅವರನ್ನು ಕರೆಯುವ ಪಾತ್ರೆಗೆ ಕಪ್ಪೇ ಸರಿ. ಮೈಮೇಲಿನ ಗುಬುಟುಗಳು ಅಲಂಕಾರ, ಒದ್ದೆ ಕೈಗೆ ಹಿಡಿತವೂ ಹೌದು.

ಪ್ರ: ಉಡುಗೊರೆಯಾಗಿ ಬಂದ ಮರದ ಪ್ರತಿಮೆಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಎಣ್ಣೆ ಹಚ್ಚಬಹುದೆ?

ಉ: ಬೇಡ. ಎಣ್ಣೆ ಹುಳುವನ್ನು ಕೊಲ್ಲುವುದಿಲ್ಲ. ಬಳಕೆಯಿಂದ ಕೂತ ಪದರವನ್ನು ಮಾತ್ರ ಹಾಳುಮಾಡುತ್ತದೆ. ಮೊದಲು ಪ್ರತಿಮೆಯನ್ನು ಉಳಿದ ಮರದ ಸಾಮಾನಿನಿಂದ ದೂರವಿಡಿ. ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ದಿನ ನೋಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ. ಬಣ್ಣ, ದಂತ, ಕನ್ನಡಿ, ಅಂಟಿಸಿದ ಮಣಿ ಇಲ್ಲದ ಬರೀ ಮರವಾದರೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತೇವ ಮರದ ಮೇಲೆಯೇ ಕೂರುತ್ತದೆ. ಬಣ್ಣ ಅಥವಾ ದಂತ ಇದ್ದರೆ ಸಂರಕ್ಷಣೆ ಬಲ್ಲವರಿಗೇ ಕೊಡಿ. ಮೈಮೇಲೆ ಒಣಗಿದ ಗಟ್ಟಿ ಪದರ ಇದ್ದರೆ ಕೊಳೆ ಎಂದು ತೊಳೆಯಬೇಡಿ. ಅದು ವರ್ಷಗಟ್ಟಲೆ ಸುರಿದ ನೈವೇದ್ಯ ಇರಬಹುದು.

ಪ್ರ: ಇಷ್ಟು ಪವಿತ್ರವೆಂದರೆ ಅವರೇ ಯಾಕೆ ಇವನ್ನು ಜೋಪಾನ ಮಾಡಿಡಲಿಲ್ಲ?

ಉ: ಜೋಪಾನ ಎಂದರೆ ಹಾಗೇ ಇಡುವುದು ಎಂದು ಎಲ್ಲ ಕಡೆ ಅರ್ಥವಿಲ್ಲ. ನೈಜೀರಿಯಾದ ಓವೆರಿ ಕಡೆಯ ಇಗ್ಬೊ ಜನರು ಭೂದೇವಿ ಅಲಾಳಿಗಾಗಿ ಎಂಬಾರಿ ಮನೆ ಕಟ್ಟುತ್ತಿದ್ದರು. ಊರಿಗೆ ಕೇಡು ಬಂದಾಗ ದೇವಿ ಕೇಳಿದ್ದಾಳೆಂದು ಶಕುನದಿಂದ ತಿಳಿದರೆ, ಆಯ್ದ ಜನ ಬೇಲಿಯೊಳಗೆ ಪ್ರತ್ಯೇಕವಾಗಿದ್ದು ಹುತ್ತದ ಮಣ್ಣಿನಿಂದ ಬಣ್ಣ ಬಳಿದ ಹತ್ತಾರು ಮೂರ್ತಿ ಮಾಡುತ್ತಿದ್ದರು. ಕೆಲಸಕ್ಕೆ ವರ್ಷಗಳೇ ಹಿಡಿಯುತ್ತಿತ್ತು. ಬೇಲಿ ತೆಗೆದು ಹಬ್ಬ ಮಾಡಿದ ಮೇಲೆ ರಿಪೇರಿ ಇಲ್ಲ, ಮಳೆಗೆ ಕರಗಲು ಬಿಡುವುದೇ ಕ್ರಮ. ಕಟ್ಟಿದ್ದೇ ಹರಕೆ; ಮುಂದೆ ದೇವಿ ಮತ್ತೆ ಕೇಳಿದರೆ ಮತ್ತೆ ಕಟ್ಟಬೇಕು.

ಮಾಲಿಯ ಜೆನ್ನೆ ಊರಿನ ದೊಡ್ಡ ಮಸೀದಿಯಲ್ಲಿ ಇದಕ್ಕೆ ತಿರುಗುಮುರುಗು. ಈಗಿನ ಕಟ್ಟಡ 1907ರದು, ಪೂರ್ತಿ ಮಣ್ಣಿನದು. ಭತ್ತದ ಹೊಟ್ಟು ಬೆರೆಸಿದ ಮಣ್ಣನ್ನು ಮೊದಲೇ ನೆನೆಹಾಕಿ ಹುಳಿಬರಿಸುತ್ತಾರೆ. ಹುಳಿಯದ ಮಣ್ಣು ಬೇಗ ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಊರಿಗೆ ಊರೇ ಸೇರಿ, ಗೋಡೆಯಿಂದ ಚಾಚಿರುವ ತಾಳೆಮರದ ತೊಲೆಗಳನ್ನೇ ಸಾರುವೆಯಾಗಿ ಹತ್ತಿ, ಗಂಡಸರು ಮಣ್ಣು ಬಳಿಯುತ್ತಾರೆ, ಹೆಂಗಸರು ನೀರು ಹೊರುತ್ತಾರೆ, ಗಾರೆಯವರ ಹಿರಿಯರು ನಿಂತು ನೋಡಿಕೊಳ್ಳುತ್ತಾರೆ. ಒಂದು ವರ್ಷ ತಪ್ಪಿದರೆ ಮಳೆ ಗೋಡೆಯನ್ನು ಕೊರೆಯಲು ತೊಡಗುತ್ತದೆ.